ಎಲ್ಲರಿಗೂ ಕೂಡಿಬಂದ ಜಾತಕ

ಜಗದೀಶ, ನಿನ್ನ ಮದುವೆಯ ಜಾತಕವನ್ನು ನಮ್ಮ ಕಂಪ್ಯೂಟರ್ ನೋಡಲೇ ಇಲ್ಲ. ನಾನು ಸುಳ್ಳು ಹೇಳಿದೆ — ಇಷ್ಟು ವರ್ಷವೂ ಅದನ್ನೇ ಜೋಪಾನ ಮಾಡಿಕೊಂಡು ಬಂದೆ.

ತೊಂಬತ್ತರ ದಶಕದಲ್ಲಿ ಪಾಂಡವಪುರದಲ್ಲಿ ಇಬ್ಬರೂ ಸೇರಿ ಕಂಪ್ಯೂಟರ್ ಸೆಂಟರ್ ತೆರೆದಾಗ ಜಾತಕ ಹೊಂದಿಸುವ ಪ್ರೋಗ್ರಾಂ ಬರೆಯಲು ಹೊರಟೆವಲ್ಲ. ಹೆಸರು, ನಕ್ಷತ್ರ ಕೇಳುವ ಭಾಗ ನನ್ನದು. ಗುಣಗಳನ್ನು ಲೆಕ್ಕ ಹಾಕುವ ಮಾಡ್ಯೂಲ್ ನಿನ್ನದು. ಅದಕ್ಕಾಗಿ ನೀನು ಮೇಲುಕೋಟೆಗೆ ಅಲೆದು ಪಂಚಾಂಗ ಕಲಿತೆ. ನಿನ್ನದು ಸಿದ್ಧವಾಗುವ ತನಕ ನನ್ನ ಭಾಗವನ್ನು ಓಡಿಸಿ ನೋಡಬೇಕಿತ್ತು — ನಿನ್ನದರ ಹೆಸರನ್ನೇ ಇಟ್ಟು ಪುಟ್ಟ ಮಾಡ್ಯೂಲೊಂದನ್ನು ನಾನೇ ಬರೆದುಕೊಂಡೆ. ಯಾರ ಜಾತಕ ಕೊಟ್ಟರೂ ‘ಉತ್ತಮ ಹೊಂದಾಣಿಕೆ’ ಎನ್ನುವುದಷ್ಟೇ ಅದರ ಕೆಲಸ. ಆಮೇಲೆ ಅಳಿಸಬೇಕಿತ್ತು. ಮರೆತೆ. ಪ್ರೋಗ್ರಾಂ ಆ ಹೆಸರಿನ ಮಾಡ್ಯೂಲನ್ನು ಮೊದಲು ತಾನಿದ್ದ ಫೋಲ್ಡರಿನಲ್ಲೇ ಹುಡುಕುತ್ತಿತ್ತು. ಅಲ್ಲಿ ನನ್ನದು ಸಿಕ್ಕಿದ್ದರಿಂದ ನಿನ್ನದರ ತನಕ ಹೋಗುತ್ತಲೇ ಇರಲಿಲ್ಲ.

ಬೂಕನಕೆರೆ, ಅರಕೆರೆಗಳಿಂದ ಜನ ಬಂದರು. ಎಲ್ಲರದೂ ಕೂಡಿತು. ಕೆ.ಆರ್. ಪೇಟೆಯ ಸುನಂದಕ್ಕನ ಜಾತಕ ನಿನಗೆ ಕೂಡದು ಎಂದು ಜೋಯಿಸರು ಹೇಳಿದಾಗ, ನಿಮ್ಮಪ್ಪ ನಮ್ಮ ಪ್ರಿಂಟೌಟ್ ಹಿಡಿದುಕೊಂಡು ಹೆಣ್ಣಿನ ಮನೆಗೆ ಹೋಗಿ ಮಾತು ಮುಗಿಸಿಯೇ ಬಂದರು.

ಲಗ್ನಪತ್ರಿಕೆ ಹಂಚಿದ ಮೇಲೆ ನನಗೆ ಗೊತ್ತಾಯಿತು. ಕೈತಪ್ಪಿ ನನ್ನ ಜಾತಕಕ್ಕೆ ನಮ್ಮಣ್ಣನದನ್ನು ಹೊಂದಿಸಿದ್ದೆ. ಉತ್ತಮ ಹೊಂದಾಣಿಕೆ. ನನ್ನ ಮಾಡ್ಯೂಲ್ ತೆಗೆದು, ನಿಮ್ಮಿಬ್ಬರ ಜಾತಕವನ್ನು ನಿನ್ನದಕ್ಕೆ ಕೊಟ್ಟೆ. ‘ವಿವಾಹ ಬೇಡ’ ಎಂದಿತು — ಜೋಯಿಸರ ಮಾತೇ.

ಮುಹೂರ್ತದ ದಿನ ನಿನಗೆ ಪೇಟ ಸುತ್ತುತ್ತಿದ್ದಾಗ ಹೇಳಲೆಂದೇ ಬಂದೆ.

“ಜಗ, ಆ ಪ್ರಿಂಟೌಟು...”

“ಯಾಕ್ಲಾ, ಕಂಪ್ಯೂಟ್ರು ತಪ್ಪೇಳ್ಬುಟ್ತಾ?”

“ಇಲ್ಲ ಕಣ್ಲಾ. ಸರಿಯಾಗೇ ಅದೆ.”

ಅಷ್ಟೇ. ಊಟಕ್ಕೆ ಕುಳಿತು ಹೋಳಿಗೆಯನ್ನು ಎರಡನೇ ಸಲವೂ ಹಾಕಿಸಿಕೊಂಡೆ.

ಫ್ಯಾನಿನ ವೇಗದಿಂದ ಹಿಡಿದು ಮುದ್ದೆಯ ಗಾತ್ರದ ತನಕ ನೀವಿಬ್ಬರೂ ಜಗಳವಾಡುವುದನ್ನು ಆಮೇಲೆ ನೋಡುತ್ತಲೇ ಬಂದೆ. ಪ್ರತಿ ಸಲವೂ ನೀನು ನನಗೆ ಹೇಳುವುದು ಒಂದೇ: “ಜಾತ್ಕ ಕೂಡಿತ್ತಲ್ಲಾ, ಅದ್ಕೇ ಕಣ್ಲಾ ಇಷ್ಟರಲ್ಲೇ ಮುಗೀತಾ ಅದೆ.” ನಾನು ತಲೆ ಆಡಿಸುತ್ತೇನೆ. ಆ ತಲೆ ಆಡಿಸುವುದು — ಅದೇ ದೊಡ್ಡ ತಪ್ಪೇನೋ.

ಹೋದ ವಾರ ನೀನು ಫೋನ್ ಮಾಡಿದೆ. “ಮಗಳಿಗೆ ಒಂದು ಸಂಬಂಧ ಬಂದದೆ. ನಮ್ಮ ಹಳೇ ಪ್ರೋಗ್ರಾಮಲ್ಲೇ ಜಾತ್ಕ ನೋಡ್ಬುಡ್ಲಾ.”

“ನೋಡ್ತೀನಿ ಬುಡು” ಎಂದುಬಿಟ್ಟೆ.

ನೋಡುವುದಿಲ್ಲ. ನೀನು ಅಷ್ಟು ಕಷ್ಟಪಟ್ಟು ಬರೆದದ್ದನ್ನು ನಾನು ಓಡಲು ಬಿಡಲಿಲ್ಲ. ಓಡಿದಾಗ ಅದು ಹೇಳಿದ್ದನ್ನು ನಿನಗೆ ತಿಳಿಸಲೂ ಇಲ್ಲ. ಭಾನುವಾರ ಮನೆಗೇ ಬಂದು ಇದನ್ನೆಲ್ಲ ಬಾಯಿಬಿಟ್ಟು ಹೇಳುತ್ತೇನೆ. ಬಾಗಿಲು ತೆಗೆಯುವುದು ಸುನಂದಕ್ಕನಾದರೆ — ಮೊದಲು ಅವರಿಗೇ.