ಇಟ್ಟಿಗೆ ಭಟ್ಟಿಯ ಬೇವಿನ ಗಿಡ

ದುಬಲಗುಂಡಿಯಲ್ಲಿ ಮದುವೆ ಊಟ ಮುಗಿಸಿ ಹತ್ತಿದ ಹುಮನಾಬಾದ್ ಬಸ್ಸು ನಡುದಾರಿಯಲ್ಲಿ ನಿಂತಿತು. ಟಯರು ಒಡೆದಿದ್ದರೆ ಹೋಗಲಿ ಎನ್ನಬಹುದಿತ್ತು, ಎಂಜಿನ್ನೇ ಕೈಕೊಟ್ಟಿತ್ತು. "ಇನ್ನೊಂದು ಬಸ್ ಬರಾಕತ್ತದ, ಕೂಡ್ರಿ" ಎಂದು ಕಂಡಕ್ಟರು ನೆರಳು ಹುಡುಕಿಕೊಂಡು ಹೋದ. ಬೇಸಿಗೆಯ ಬಿಸಿಲು, ಮೈಮೇಲೆ ರೇಷ್ಮೆ ಸೀರೆ, ಮಗ್ಗುಲಲ್ಲಿ ಅವ್ವ. ನನ್ನ ತಲೆ ಕೆಡಲು ಇಷ್ಟೇ ಸಾಕಿತ್ತು. ಕೆಳಗಿಳಿದು ನೋಡಿದಾಗ ಮಾತ್ರ ಎದೆ ಧಸಕ್ಕೆಂದಿತು. ಹೊಲದಾಚೆ ಹಳೆಯ ಇಟ್ಟಿಗೆ ಭಟ್ಟಿಯ ಚಿಮಣಿ ಕಾಣುತ್ತಿತ್ತು.

ನಾನು ಹುಟ್ಟುವ ಮೊದಲು ಅಪ್ಪ ಅವ್ವ ಆ ಭಟ್ಟಿಯಲ್ಲಿ ದುಡಿದವರು. ಅಪ್ಪ ಮಣ್ಣು ತುಳಿಯುತ್ತಿದ್ದ, ಅವ್ವ ಅಚ್ಚಿಗೆ ಹಾಕಿ ಇಟ್ಟಿಗೆ ತೆಗೆಯುತ್ತಿದ್ದಳು. ಅವರ ಮೊದಲ ಮಗಳು, ಇನ್ನೂ ಅಂಬೆಗಾಲಿಡದ ಕೂಸು, ಜ್ವರ ಬಂದು ಅಲ್ಲೇ ತೀರಿಕೊಂಡಿತು. ಭಟ್ಟಿಯ ಹಿಂದಿನ ಹೊಲದಲ್ಲಿ, ಒಂದು ಎಳೆಯ ಬೇವಿನ ಗಿಡದ ಬುಡಕ್ಕೆ ಮಣ್ಣು ಮಾಡಿದರು. ಆ ಬೇಸಿಗೆಯ ಕೆಲಸ ಮುಗಿದೊಡನೆ ಬಸವಕಲ್ಯಾಣಕ್ಕೆ ಬಂದುಬಿಟ್ಟರು. ಎಷ್ಟೋ ವರ್ಷದ ಮೇಲೆ ಸಂತೆಯಲ್ಲಿ ಯಾರೋ, "ಆ ಹಿಂದಿನ ಹೊಲಾನೂ ಪೂರಾ ಅಗದು ಇಟ್ಟಂಗಿ ಸುಟ್ಟಾರ" ಎಂದರು. ಅಂದಿನಿಂದ ಅವ್ವನಿಗೆ ಒಂದೇ ಕೊರಗು. ಕೂಸಿನ ಮಣ್ಣು ಅಚ್ಚಿಗೆ ಹೋಯಿತು, ಬೆಂಕಿಗೆ ಹೋಯಿತು, ಯಾರದೋ ಗೋಡೆಗೆ ಹೋಯಿತು. ಹೋಗಿ ನೋಡಿ ಬರೋಣವೆಂದರೆ ನನ್ನ ಮೈಮೇಲೆ ಬರುತ್ತಿದ್ದಳು. ಕಣ್ಣಾರೆ ಕಂಡರೆ ಅದು ಖರೆಯಾಗಿಬಿಡುತ್ತದೆಂಬ ಹೆದರಿಕೆ. ಈ ದಾರಿಯಲ್ಲಿ ಬಂದಾಗಲೆಲ್ಲ ಮುಖಕ್ಕೆ ಸೆರಗೆಳೆದುಕೊಂಡು ನಿದ್ದೆ ಬಂದವಳಂತೆ ಕೂರುತ್ತಿದ್ದಳು.

ಅವತ್ತು ಬಸ್ಸು ಮುಂದೆ ಹೋಗಲೊಲ್ಲದು. ಅವ್ವ ಚಿಮಣಿಗೆ ಬೆನ್ನು ಹಾಕಿ ಕೂತಳು, ಎದ್ದಳು, ಮತ್ತೆ ಕೂತಳು. ಆಮೇಲೆ ಒಮ್ಮೆಲೇ ಸೀರೆ ಎತ್ತಿ ಕಟ್ಟಿ ಹೊಲಕ್ಕಿಳಿದಳು.

"ಎಲ್ಲಿಗೆ ಹೊಂಟಿ? ಬಸ್ ಬಂದ್ರ?"

"ಬಂದ್ರ ನೀ ಹೋಗು."

"ಬಿಸಿಲಾಗ ಬಿದ್ದಿ ಅಂದ್ರ ಯಾರು ಹೊರೋರು ನಿನ್ನ?"

"ಸಾಕು ಮಾಡು ನಿನ್ನ ವಟವಟ. ಬರೋದಿದ್ರ ಬಾ."

ಬಯ್ಯುತ್ತಲೇ ಹಿಂದೆ ಹೋದೆ. ಎಪ್ಪತ್ತು ದಾಟಿದ ಅವ್ವನೊಡನೆ ವಾದಿಸಿ ಗೆದ್ದ ಮಗಳು ಎಲ್ಲಾದರೂ ಇದ್ದಾಳೆಯೇ?

ಭಟ್ಟಿ ನಿಂತು ಬಹಳ ಕಾಲವಾಗಿತ್ತು. ಚಿಮಣಿಯ ತುದಿ ಮುರಿದಿತ್ತು. ನಮ್ಮ ಸದ್ದಿಗೆ ಒಳಗಿನಿಂದ ಪಾರಿವಾಳಗಳು ಹಾರಿದವು. ಇಟ್ಟಿಗೆ ಜೋಡಿಸಿ ಬೆಂಕಿ ಹಾಕುತ್ತಿದ್ದ ಉದ್ದನೆಯ ಕಂದಕದ ತುಂಬ ಜಾಲಿ. ಕಾಲಿಟ್ಟಲ್ಲೆಲ್ಲ ಬೂದಿ, ಒಡೆದ ಇಟ್ಟಿಗೆ, ಅತಿಯಾಗಿ ಬೆಂದು ಕರ್ರಗೆ ಒಂದಕ್ಕೊಂದು ಅಂಟಿದ ಗಟ್ಟಿಗಳು. ಕೂಲಿಯವರ ಗುಡಿಸಲುಗಳದ್ದು ಮೊಣಕಾಲುದ್ದದ ಗೋಡೆಗಳಷ್ಟೇ ಉಳಿದಿದ್ದವು. ಒಂದರ ಮುಂದೆ ಅವ್ವ ನಿಂತಳು. "ಇದು ನಮ್ದು. ಇಲ್ಲಿ ಒಲಿ. ಅಲ್ಲಿ ನಿಮ್ಮಪ್ಪ ಗೊರಕಿ ಹೊಡೀತಿದ್ದ." ಹೇಳುತ್ತ ನಕ್ಕವಳು ಮರುಗಳಿಗೆಯೇ ನನ್ನ ಮುಂಗೈಯನ್ನು ಬಳೆ ಒತ್ತುವಂತೆ ಹಿಡಿದಳು. "ಇನ್ನ ನನ್ನ ಕೈಲಾಗಂಗಿಲ್ಲ. ನೀ ಮುಂದ ನಡಿ. ನೋಡಿ ಹೇಳು ನನಗ."

ಗುಡಿಸಲುಗಳ ಹಿಂದೆ ಹೊಲವೇ ಇರಲಿಲ್ಲ. ಸಂತೆಯವರು ಸುಳ್ಳು ಹೇಳಿರಲಿಲ್ಲ. ಕಣ್ಣು ಹಾಯಿಸಿದಷ್ಟೂ ಅಗೆದ ಗುಂಡಿ, ತಳದಲ್ಲಿ ಬಿರುಕು ಬಿಟ್ಟ ಒಣ ಕೆಸರು. ಈಗ ಈ ಮುದುಕಿಗೆ ಏನಂತ ಹೇಳಲಿ? ಏನೋ ಒಂದು ಸುಳ್ಳು ಹೇಳೋಣವೆಂದು ತಿರುಗುವಷ್ಟರಲ್ಲಿ, ಗುಂಡಿಯ ಆ ತುದಿಯಲ್ಲಿ ಒಂದು ದಿಬ್ಬ ಕಣ್ಣಿಗೆ ಬಿತ್ತು. ಸುತ್ತಲಿನ ಮಣ್ಣೆಲ್ಲ ಹೋಗಿ ಅದೊಂದೇ ಹಳೆಯ ಹೊಲದ ಎತ್ತರಕ್ಕೆ ಉಳಿದಿತ್ತು. ಮೇಲೆ ದೊಡ್ಡದೊಂದು ಬೇವಿನ ಮರ. ದಿಬ್ಬ ಕುಸಿಯದಿರಲೆಂದು ಯಾರೋ ಸುತ್ತಲೂ ಒಡೆದ ಇಟ್ಟಿಗೆ ಒಟ್ಟಿದ್ದರು. ನೆರಳಲ್ಲಿ ಒಬ್ಬ ಹೆಂಗಸು ಆಡು ಬಿಟ್ಟುಕೊಂಡು ಕೂತಿದ್ದಳು.

"ಅವ್ವಾ, ಗಿಡ ಅದ! ಬಾ, ಗಿಡ ಅದ!" ಎಂದು ಚೀರಿದೆ.

ಅವ್ವ ನಂಬಲಿಲ್ಲ. ಮದುವೆಯ ಸೀರೆಯಲ್ಲೇ ಕೂತು ಜಾರಿಕೊಂಡು ಗುಂಡಿಗಿಳಿದಳು. ದಿಬ್ಬದ ಮೈಗೆ ಅಂಗೈ ಹಚ್ಚಿ ಒಂದು ಸುತ್ತು ಬಂದಳು. ಆಮೇಲೆ ಆಡಿನ ಹೆಂಗಸನ್ನು ಜಗಳಕ್ಕೆ ನಿಂತವಳ ಹಾಗೆ ಕೇಳಿದಳು. "ಎಲ್ಲಾ ಅಗದಾರ, ಇದೊಂದು ಯಾಕ ಬಿಟ್ಟಾರ?"

ಆಕೆ ಭಟ್ಟಿ ಮುಚ್ಚುವ ತನಕ ಅಲ್ಲಿ ಇಟ್ಟಿಗೆ ಹೊತ್ತವಳಂತೆ. "ಇಲ್ಲಿ ಒಂದು ಹೆಣ್ಣ ಕೂಸಿನ ಮಣ್ಣದ್ರಿ ಅವ್ವಾ. ಹೊಸಾ ಮಂದಿ ಬಂದ್ರ ಹಳಬರು ಮೊದ್ಲ ಇದನ್ನ ತೋರಸ್ತಿದ್ರು, ಇಲ್ಲಿ ಗುದ್ದಲಿ ಹಾಕಬ್ಯಾಡ್ರಿ ಅಂತ. ಮಾಲಕ ಒದರಾಡ್ತಿದ್ದ, ಛಲೋ ಮಣ್ಣು ಹಾಳಾತು ಅಂತ. ಒದರ್ಲಿ ಬಿಡ್ರಿ. ಯಾರೂ ಮುಟ್ಟಲಿಲ್ಲ."

"ಒಂದು ಬುಟ್ಟೀನೂ?"

"ಒಂದು ಹಿಡೀನೂ ಇಲ್ರಿ. ಬಿಲ್ಕುಲ್ ಇಲ್ಲ."

"ಹೋದ ಜೀವ ಬಂತಲ್ಲೇ ಯವ್ವಾ" ಎಂದು ಅವ್ವ ಅಲ್ಲೇ ಕುಸಿದು ಕೂತು ಗಟ್ಟಿಯಾಗಿ ಅತ್ತಳು. ನಾನು ಸುಲಭಕ್ಕೆ ಅಳುವವಳಲ್ಲ, ನನಗೂ ತಡೆಯಲಾಗಲಿಲ್ಲ. ಇಷ್ಟು ವರ್ಷ ಅವ್ವ ಹೊತ್ತ ಭಾರ ಇಳಿಯಿತಲ್ಲ ಎಂದು ಮೈಯೆಲ್ಲ ಹಗುರಾಯಿತು. ರಸ್ತೆಯಲ್ಲಿ ಇನ್ನೊಂದು ಬಸ್ಸು ಬಂದು ಹಾರ್ನ್ ಹೊಡೆದು ಹೊರಟುಹೋಯಿತು. ಹೋದರೆ ಹೋಗಲಿ.

ಆಡಿನ ಹೆಂಗಸಿಗೆ ನಾವು ಯಾರು, ಯಾಕೆ ಅಳುತ್ತಿದ್ದೇವೆ ಒಂದೂ ತಿಳಿಯದು. ಪಾಪ, ತನ್ನ ನೀರಿನ ಬಾಟಲಿ ಅವ್ವನಿಗೆ ಕೊಟ್ಟು, ಸಮಾಧಾನಕ್ಕೆಂದು ಮಾತು ಮುಂದುವರಿಸಿದಳು. "ಕೆಲಸದ ಹೊತ್ತಿನಾಗ ನಮ್ಮ ಕೂಸುಗಳ ಜೋಳಗಿ ಈ ಟೊಂಗಿಗೇ ಕಟ್ಟತಿದ್ವಿ ನೋಡ್ರಿ. ಅತ್ರ, ಅಳಬ್ಯಾಡ, ಇಲ್ಲೇ ಅಕ್ಕ ಅದಾಳ, ನೋಡ್ಕೋತಾಳ ಅಂತಿದ್ವಿ. ನನ್ನ ಮಕ್ಕಳು ಮೂರೂ ಇಲ್ಲೇ ಮಲಗಿ ದೊಡ್ಡವಾದ್ವು."

ಅವ್ವ ಕತ್ತೆತ್ತಿ ಆ ಟೊಂಗೆಯನ್ನೇ ಬಹಳ ಹೊತ್ತು ನೋಡಿದಳು. ಹಗ್ಗ ತಿಕ್ಕಿ ತೊಗಟೆ ಸವೆದಿತ್ತು.

"ಯಾರ ಕೂಸಂತ ಗೊತ್ತದೇನು ನಿಮಗ?" ಎಂದು ಕೇಳಿದಳು.

"ಇಲ್ರಿ. ಯಾರಿಗೂ ಗೊತ್ತಿಲ್ಲ."

"ನಂದವ್ವಾ ಅದು. ನನ್ನ ಹಿರಿ ಮಗಳು."

ಆ ಹೆಂಗಸು ಗಕ್ಕನೆ ಎದ್ದು ನಿಂತಳು. ಹತ್ತಿರ ಬಂದು ಅವ್ವನ ಎರಡೂ ಕೈ ಹಿಡಿದುಕೊಂಡಳು. "ನಿಮ್ಮ ಮಗಳು ನಮ್ಮ ಕೂಸುಗಳನ್ನ ಭಾಳ ಛಲೋ ನೋಡ್ಕೊಂಡಾಳ್ರಿ ಅವ್ವಾ."

ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "ನೋಡ್ಕೋಬೇಕಲ್ಲ ಮತ್ತ," ಎಂದಳು. "ಹಿರಿಯಾಕಿ ಅಕಿ."