ದಿವಾಳಿ ಕಾಗದ ಓದಿಕೊಟ್ಟ ಮಾಸ್ತರರು

ಇವತ್ತು ಬೆಳಗ್ಗೆ ಎಂದಿನಂತೆ ಹಾಲು ಕಾಯಿಸಿ, ರೊಟ್ಟಿ ಬಡಿದು, ಇವರ ಡಬ್ಬಿ ಕಟ್ಟಿ ಕಳಿಸಿದೆ. ಮಸಾಲೆಗೆಂದು ಲವಂಗ ಹುರಿಯುವಾಗ ಘಮ್ಮೆಂದಿತು ನೋಡಿ, ಉರ್ದು ಮಾಸ್ತರರು ಪಕ್ಕದಲ್ಲೇ ಬಂದು ಕೂತಂತಾಯಿತು. ಅವರ ಬಾಯಲ್ಲಿ ಸದಾ ಒಂದು ಲವಂಗ ಇರುತ್ತಿತ್ತು...

ಭೂಕಂಪದ ಮರುವರ್ಷ. ಉಮರ್ಗಾದಲ್ಲಿ ನಾವಿನ್ನೂ ತಗಡಿನ ಪತ್ರಾಶೆಡ್ಡಿನಲ್ಲಿದ್ದೆವು. ಪಕ್ಕದ ಶೆಡ್ಡು ಮಾಸ್ತರರದು. ಹರೆಯದಲ್ಲಿ ಉದಗೀರದ ಕೋರ್ಟಿನಲ್ಲಿ ನಕಲು ಬರೆದು, ಆಮೇಲೆ ಮಾಸ್ತರಿಕೆ ಮಾಡಿದವರು. ನನ್ನ ಮಗ ಆಗಷ್ಟೇ ಹುಟ್ಟಿದ್ದ. ಮಾವನವರಿಗೆ ಮೊಮ್ಮಗನಿಗೆ ತಮ್ಮ ಅಜ್ಜನ ಹೆಸರಿಡುವ ಆಸೆ. ಆದರೆ ಕೂಸಿನ ಕಿವಿಯಲ್ಲಿ ಹೆಸರು ಉಸುರಬೇಕಾದವಳು ಸೋದರತ್ತೆ, ಅಂದರೆ ನನ್ನ ನಾದಿನಿ. ಅವಳು ಒಲ್ಲೆ ಎಂದಳು.

"ದಿವಾಳಿ ತಗದು ಮಂದೀನ ಮುಳುಗಿಸಿದಂವನ ಹೆಸರು ನನ್ನ ಬಾಯಾಗ ಬರಂಗಿಲ್ಲ!"

ಬಿದ್ದ ಗೋಡೆಯ ಮಣ್ಣು ತೆಗೆಯುವಾಗ ಸಿಕ್ಕ ಟ್ರಂಕಿನಲ್ಲಿ ಆ ಅಜ್ಜನ ಕೋರ್ಟು ಕಾಗದಗಳಿದ್ದವು. ಐದು ಹಾಳೆ, ಎಲ್ಲ ಆಗಿನ ಕೋರ್ಟಿನ ಉರ್ದು. ಹೊಲಿದ ದಾರ ಲಡ್ಡಾಗಿ, ಮುಟ್ಟಿದರೆ ಹರಿಯುವಂತಿತ್ತು. ಅದನ್ನು ಬಿಚ್ಚಿ, ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಶಿಸ್ತಿನಲ್ಲಿ ಹಾಳೆಗೊಂದು ನಂಬರು ಹಾಕಿ ಮಾಸ್ತರರಿಗೆ ಕೊಟ್ಟೆ.

ದಿನಕ್ಕೊಂದು ಹಾಳೆ, ಅವರ ಕಣ್ಣಿಗೆ ಅಷ್ಟೇ ಆಗುತ್ತಿತ್ತು. ಒಂದನೆಯದರಲ್ಲಿ ಸಾಲವೆಲ್ಲ ತೀರಿ ಬಿಡುಗಡೆ. ಹಿಗ್ಗಿಹೋದೆವು. ನಡುವಿನವುಗಳಲ್ಲಿ ಆಸ್ತಿಯ ಪಟ್ಟಿ. ಐದನೆಯದರಲ್ಲಿ, ದಿವಾಳಿಯಾದನೆಂಬ ತೀರ್ಪು. ನಾದಿನಿ ಎದ್ದೇಬಿಟ್ಟಳು. "ನೋಡ್ರಿ, ಒಮ್ಮೆ ಪಾರಾಗಿ ಮತ್ತ ಮುಳುಗಿಸ್ಯಾನ!" ಮಾವನವರು ತಲೆ ಎತ್ತಲಿಲ್ಲ. ಹೆಸರಿಡುವ ತೊಟ್ಟಿಲಿಗೆ ಎರಡೇ ದಿನ ಉಳಿದಿತ್ತು...

ಮರುದಿನ ಸಂಜೆ ಮಾಸ್ತರರು ಹಾಳೆಗಳನ್ನು ಹಿಡಿದು ಹೆಚ್ಚುಕಡಿಮೆ ಓಡುತ್ತಲೇ ಬಂದರು. ಒಂದೇ ಕಾಲಲ್ಲಿ ಚಪ್ಪಲಿ.

"ಬೇಟೀ, ಈ ನಂಬರ ಯಾರ್ ಹಾಕ್ಯಾರ?"

"ನಾನೇ ರೀ."

"ಎಡಕ್ಕಿಂದ ಹಾಕೀದಿ! ಉರ್ದು ಫೈಲು ಬಲಕ್ಕಿಂದ ತೆರೀತದ. ಹಿಂದಿನ ಬಾಗಿಲಾಗಿಂದ ಹೊಕ್ಕೀದಿ ನೀ. ನಾನೂ ಎಂಥಾ ಬೇಕೂಫ! ತಾರೀಖು ಮಾಸಿದ್ರೂ ಮೊದಲಿಗೆ ಅದನ್ನ ನೋಡಬೇಕಿತ್ತು."

ಅಂದರೆ ಐದನೆಯದೇ ಒಂದನೆಯದು! ಮೊದಲು ದಿವಾಳಿ, ಆಮೇಲೆ ಪಟ್ಟಿ, ಕೊನೆಗೆ ಬಿಡುಗಡೆ! ನನ್ನ ನಂಬರು ಅಳಿಸಿ, ಬಲಗಡೆಯಿಂದ ಹೊಸದಾಗಿ ಹಾಕಿದೆ.

ಮಾಸ್ತರರು ನಾದಿನಿಯನ್ನು ಎದುರಿಗೆ ಕೂರಿಸಿಕೊಂಡು ಪಟ್ಟಿಯನ್ನು ಮತ್ತೆ ಓದಿದರು. ಕಾಸಾರಶಿರಸಿಯ ಹಗ್ಗದಂಗಡಿ, ಎತ್ತಿನ ಗೆಜ್ಜೆ, ಹೆಂಡತಿಯ ನತ್ತು, ಕಿವಿ ಮುರಿದ ತಾಮ್ರದ ತಪೇಲಿ...

"ಮುಳುಗಿಸಾಂವ ಇದ್ರ ಊರು ಬಿಟ್ಟು ಓಡ್ತಿದ್ದ. ಅಂವಾ ತಾನಾಗೇ ಕೋರ್ಟಿಗಿ ಹೋಗಿ, ಮುರುಕು ತಪೇಲಿ ಸುದ್ದಾ ಬರಸ್ಯಾನ. ಅಡಿಗಿ ಭಾಂಡಿ ಕೋರ್ಟು ಮುಟ್ಟಂಗಿಲ್ಲ ಅಂತ ಅದನ್ನ ತಿರುಗಿ ಕೊಟ್ಟಾರ. ದಿವಾಳಿ ಕಾಗದ ಅಂದ್ರ ಕಳ್ಳರ ಕಾಗದ ಅಲ್ಲ ತಾಯಿ."

ನಾದಿನಿ ಪಟ್ಟಿಯ ಹಾಳೆಯನ್ನು ತನ್ನತ್ತ ಎಳೆದುಕೊಂಡಳು. "ಕಿವಿ ಮುರಿದದ್ದು... ಅವ್ವ ಅದರಾಗ ನಮಗ ಹಾಲು ಕಾಸ್ತಿದ್ಳು," ಎಂದಳು.

ತೊಟ್ಟಿಲ ದಿನ ಅವಳು ಆ ಹೆಸರನ್ನು ಉಸುರಲಿಲ್ಲ, ಕೂಗಿದಳು! ಶೆಡ್ಡಿನ ಸಾಲಿಗೆ ಸಾಲೇ ಕೇಳಿಸಿಕೊಂಡಿತು. ಕೂಸು ಬೆಚ್ಚಿ ಅತ್ತಿತು.

ಮಾಸ್ತರರು ತೀರಿಕೊಂಡ ಸುದ್ದಿ ನನಗೆ ತಡವಾಗಿ ತಿಳಿಯಿತು. ಮಣ್ಣಿಗೂ ಹೋಗಲಾಗಲಿಲ್ಲ...

ಸಂಜೆ ಪಕ್ಕದ ಮನೆಯವರಿಗೆ ಇದೆಲ್ಲ ಹೇಳಿದೆ. ಹೇಳುವಾಗ ಈಗಲೂ ಅದೇ ಉಮೇದು. ಅವರು ಮೆಂತ್ಯೆಪಲ್ಲೆ ಬಿಡಿಸುತ್ತ, ತಲೆ ಎತ್ತದೆ ಅಂದರು:

"ನಮ್ಮಲ್ಲೂ ಅಂಥಾ ಉರ್ದು ಕಾಗದ ಒಂದು ಗಂಟು ಇದ್ವು ರೀ. ಈಗ ಓದೋರು ಯಾರದಾರ? ಮೊನ್ನೆ ಸುಣ್ಣ ಹಚ್ಚೋಮುಂದ ರದ್ದಿಯವಂಗ ಹಾಕಿಬಿಟ್ಟೆ."