ಹಳೆಯ ತುದಿಗೆ ಹೊಸೆದ ಇಂಗ್ಲಿಷ್

ಸೀರೆ ಮುಗಿದಾಗ ನೇಕಾರನು ಹಾಸಿನ ಉದ್ದೆಳೆಗಳನ್ನು ಮಗ್ಗದಿಂದ ಪೂರ್ತಿ ಕಿತ್ತು ತೆಗೆಯುವುದಿಲ್ಲ. ಗೇಣುದ್ದದ ತುದಿಗಳನ್ನು ಅಲ್ಲೇ ಉಳಿಸಿ, ಬೆರಳಿಗೆ ಚಿಟಿಕೆ ಬೂದಿ ಹಚ್ಚಿಕೊಂಡು, ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯದರ ತುದಿಗೆ ಹೊಸೆದು ಕೂಡಿಸುತ್ತಾನೆ. ನಾರಾಯಣಪೇಟೆಯ ನಮ್ಮ ಓಣಿಯಲ್ಲಿ ಕೂಸುಗಳೂ ಬಲ್ಲ ಸಂಗತಿ. ಆದರೆ ಈ ಹೊಸೆತದಿಂದಲೇ ನನ್ನ ಮೊಮ್ಮಗಳು ಗಿರಿಜೆ ಇಂಗ್ಲಿಷ್ ಕಲಿತಳೆಂದರೆ ನೀವು ನಂಬಲಿಕ್ಕಿಲ್ಲ. ನಂಬುವವರೆಗೆ ನಾನೂ ಬಿಡುವವನಲ್ಲ.

ನನ್ನ ವಿದ್ಯೆ ಕನ್ನಡದ ಕಾಗದವೊಂದನ್ನು ತಡವರಿಸುತ್ತ ಓದುವಷ್ಟು, ಉರ್ದು ಕಚೇರಿಯಲ್ಲಿ ಸಲಾಮು ಹೊಡೆಯುವಷ್ಟು. ಸೀರೆಯ ಅಂಚು ಅಗಲವಾದಷ್ಟೂ ಬೆಲೆ ಹೆಚ್ಚು ಎಂಬ ನಮ್ಮ ಕಸುಬಿನ ನ್ಯಾಯವನ್ನೇ ಭಾಷೆಗೂ ಹಚ್ಚಿ, ಉದ್ದನೆಯ ಶಬ್ದವೇ ಉತ್ತಮ ಶಬ್ದವೆಂದು ಬಹುಕಾಲ ನಂಬಿದ್ದೆ. ಗಿರಿಜೆ ಗಿಡ್ಡ ಶಬ್ದವೊಂದನ್ನು ಹೇಳಿದರೆ, "ಇದಕ ಜರಿ ಎಲ್ಲೈತವ್ವಾ?" ಎಂದು ಕೇಳುತ್ತಿದ್ದೆ.

ಹೈದರಾಬಾದಿನ ವಸತಿಶಾಲೆಗೆ ಹುಡುಗಿಯರನ್ನು ಆರಿಸಲು ಒಬ್ಬ ಮೇಡಂ ಗದ್ವಾಲಕ್ಕೆ ಬರುವರೆಂಬ ಸುದ್ದಿ ಬಂತು. ನಮ್ಮೂರ ಶಾಲೆ ಕಲಿಸುವುದೆಲ್ಲ ಮುಗಿದಿತ್ತು. ಅಲ್ಲಿ ಜಾಗ ಸಿಕ್ಕರಷ್ಟೇ ಮುಂದಿನ ಓದು. ಮೇಡಂ ಪರೀಕ್ಷಿಸುವುದು ಇಂಗ್ಲಿಷಿನಲ್ಲಂತೆ. ಗಿರಿಜೆ ಘನಗಂಭೀರ ಶಬ್ದಗಳನ್ನು ಕಂಠಪಾಠ ಮಾಡುವಳು, ಬೆಳಗಾದರೆ ಮರೆಯುವಳು, ಅಳುವಳು. ಕಡೆಗೆ ಅವಳ ಅಜ್ಜಿ ಗದರಿದಳು: "ಗಾಳ್ಯಾಗಿನ ಎಳಿ ನಿಲ್ತೈತೇನ? ಮನ್ಯಾಗಿಂದು ಯಾವುದಕ್ಕರ ಹೊಸಿಯವಾ!"

ಅಂದಿನಿಂದ ಮನೆಯೆಲ್ಲ ಇಂಗ್ಲಿಷ್‌ಮಯ. ಅಬ್‌ಸ್ಟಿನೇಟ್ ಎಂದರೆ ಹಿತ್ತಲ ಎಮ್ಮೆ. ಫ್ರ್ಯಾಜೈಲ್ ಎಂದರೆ ಗಂಜಿ ಕಾಣದ ಎಳೆ. ಎಲಕ್ವೆಂಟ್ ಎಂದರೆ ಅಜ್ಜಿ. ಈ ಕೊನೆಯದನ್ನು ಒದಗಿಸಿದವನು ನಾನು. ಆ ದಿನ ನನ್ನ ಸಾರಿಗೆ ಉಪ್ಪಿರಲಿಲ್ಲ. 'ರಿಲಕ್ಟಂಟ್' ಎಂಬುದೊಂದು ಮಾತ್ರ ಯಾವ ತುದಿಗೂ ಕೂಡದೆ ಉಳಿಯಿತು. ಮನಸ್ಸಿಲ್ಲದ ಮನಸ್ಸಿನಿಂದ ಮಾಡುವವನು ಎಂದು ಅರ್ಥವಂತೆ. "ಮನಸ್ಸಿಲ್ಲಂದ್ರ ಯಾರರ ಯಾಕ ಮಾಡ್ತಾರ? ಬಿಡು ಅದನ್ನ" ಎಂದು ತಳ್ಳಿಹಾಕಿದೆ.

ಗದ್ವಾಲಕ್ಕೆ ಹೊರಟವರು ಮಕ್ತಲ್ ದಾಟಿ ಕೃಷ್ಣೆಯ ದಡಕ್ಕೆ ಬಂದೆವು. ದಾಟಲು ಹರಿಗೋಲು. ಮೊದಲೇ ಜಲಭೀರು ನಾನು. ಒಂದು ಕಾಲು ಹರಿಗೋಲಿನಲ್ಲಿ, ಇನ್ನೊಂದು ದಡದಲ್ಲಿಟ್ಟು ತ್ರಿಶಂಕುವಾಗಿ ನಿಂತೆ. "ಯಜಮಾನ್ರ, ಎರಡೂ ಕಾಲು ಒಂದ ಊರಾಗ ಇಡ್ರಿ!" ಎಂದ ಅಂಬಿಗ. ಮೊಮ್ಮಗಳ ಮುಖ ನೋಡಿದೆ, ಕಣ್ಣು ಮುಚ್ಚಿ ಹತ್ತಿದೆ. "ಕೂಡ್ತು ಅಜ್ಜಾ! ರಿಲಕ್ಟಂಟ್ ಕೂಡ್ತು!" ಎಂದು ಗಿರಿಜೆ ಕುಣಿದಳು, ಹರಿಗೋಲೂ ಕುಣಿಯಿತು.

ಗದ್ವಾಲದಲ್ಲಿ ಬಾಗಿಲಾಚೆ ಕುಳಿತ ನನಗೆ ಒಳಗಿನ ಇಂಗ್ಲಿಷ್ ತಿಳಿಯದು. ಮೇಡಂ ಏನೋ ಕೇಳಿದರು. 'ರಿಲಕ್ಟಂಟ್' ಎಂಬುದೊಂದು ಕಿವಿಗೆ ಬಿತ್ತು. ಇಣುಕಿದರೆ ನನ್ನ ಗಿರಿಜೆ ಒಂದು ಕಾಲೆತ್ತಿ ಗಾಳಿಯಲ್ಲಿ ತೂಗುತ್ತಿದ್ದಾಳೆ! ಕೆಟ್ಟಿತೆಂದುಕೊಂಡೆ. ಮೇಡಂ ನಗುತ್ತ ಹೊರಬಂದು, "ದಾದಾ, ಕಶ್ತೀ ಸೇ ಡರ್ ಗಯೇ ಥೇ?" ಎಂದರು, ಹರಿಗೋಲಿಗೆ ಹೆದರಿದ್ದಿರಾ ಎಂದು. ಅಜ್ಜನಿಗೆ ನೀರೆಂದರೆ ಪ್ರಾಣಭಯ, ಆದರೂ ತನಗಾಗಿ ಹತ್ತಿದರು ಎಂದು ಗಿರಿಜೆ ಒಳಗೆ ಹೇಳಿದ್ದಳಂತೆ. ಶಬ್ದದ ಅರ್ಥ ಎಲ್ಲರೂ ಹೇಳಿದರು, ಅದರ ಜೀವ ಇವಳೊಬ್ಬಳೇ ತೋರಿಸಿದಳು, ಇವಳು ಬರಲಿ ಎಂದರು ಮೇಡಂ.

ಮಕ್ತಲ್‌ನಲ್ಲಿ ಈ ಸುದ್ದಿಯನ್ನು ಕೇಳಿದವರಿಗೂ ಕೇಳದವರಿಗೂ ಹೇಳಿದೆ. ಬರುವಾಗ ಹರಿಗೋಲಿಗೆ ಮೊದಲು ಜಿಗಿದವನು ನಾನೇ ಎಂದು ಗಿರಿಜೆ ಹೇಳುತ್ತಾಳೆ. ನನಗೆ ಹೊಳೆ ಕಂಡ ನೆನಪೇ ಇಲ್ಲ.

ನಿನ್ನೆ ಅವಳು ಹೈದರಾಬಾದಿಗೆ ಹೋದಳು. ಇಂದು ಮಗ್ಗದ ಮುಂದೆ ಸುಮ್ಮನೆ ಕುಳಿತವನನ್ನು ಕಂಡು ಅವಳ ಅಜ್ಜಿ, "ಯಾಕ್ರೀ, ಬೂದಿ ಹಚಗೊಂಡು ಸನ್ಯಾಸಿ ಕುಂತಂಗ ಕುಂತೀರಿ?" ಎಂದಳು.

"ರಿಲಕ್ಟಂಟ್ ಅದೀನಿ" ಎಂದೆ. ಅವಳು ಅರ್ಥ ಕೇಳಲಿಲ್ಲ. ಎದುರಿಗೆ ಬಂದು ಕುಳಿತು ಹೊಸ ಎಳೆಯನ್ನು ಬಿಡಿಸಿ ಕೊಟ್ಟಳು. ಈ ಹಾಸು ಗಿರಿಜೆಯ ಸೀರೆಗೇ. ಶಾಲೆಗೆ ಒಪ್ಪುವಂತೆ ಅಂಚು ಸಣ್ಣದಿರಲಿ ಎಂದು ಹೇಳಿ ಹೋಗಿದ್ದಾಳೆ. ಇಷ್ಟು ದೊಡ್ಡ ಮೊಮ್ಮಗಳಿಗೆ ಸಣ್ಣ ಅಂಚೇ? ಮನಸ್ಸಿಲ್ಲ, ಆದರೂ ಬೂದಿ ಹಚ್ಚಿದ ಬೆರಳು ಹಳೆಯ ತುದಿಯನ್ನು ಹುಡುಕಿ, ಮೊದಲ ಎಳೆಯನ್ನು ಹೊಸೆಯಿತು.